ಗಂಗಾಧರಪ್ಪನ ನಾಲ್ಕು ಬೆರಳು

ಅರಸೀಕೆರೆಯಿಂದ ಜಾವಗಲ್ಲಿಗೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ತೆಂಗಿನ ತೋಟಗಳು ಮೊದಲಾಗುವ ತಿರುವಿನಲ್ಲಿ ಗಂಗಾಧರಪ್ಪನ ಶೆಡ್ಡು ಇದೆ. ಅದರ ಬಾಗಿಲ ಮೇಲೆ ‘ಸ್ಥಾಪನೆ 1992’ ಎಂದು ಬರೆದಿರುವುದು ಬಣ್ಣ ಬಳಿದವನ ತಪ್ಪು. ಪೂಜೆ ಮಾಡಿ ಮೊದಲ ಕಾರನ್ನು ಒಳಗೆ ತಳ್ಳಿದ್ದು 1991ನೆಯ ಇಸವಿ ಜೂನ್ 3, ಸೋಮವಾರ. ತಿದ್ದಿಸಬೇಕು, ತಿದ್ದಿಸಬೇಕು ಎಂದುಕೊಳ್ಳುತ್ತಲೇ ಗಂಗಾಧರಪ್ಪನಿಗೆ ಅರವತ್ತಾಯಿತು.

ಅವನು ಹೆಸರು ಮಾಡಿದ್ದು ಎಂಜಿನ್ನಿನ ಕೆಲಸದಿಂದಲ್ಲ, ಮುಂದಿನ ಚಕ್ರದ ಕೀಲು ನೋಡುವುದರಿಂದ. ಅರಸೀಕೆರೆಯ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಪ್ರವಾಸಿಗರನ್ನು ಹಳೇಬೀಡಿಗೂ ಬೇಲೂರಿಗೂ ಕರೆದೊಯ್ಯುವ ಟ್ಯಾಕ್ಸಿಯವರಿಗೆ ಜಾವಗಲ್ಲಿನಾಚೆಯ ಗುಂಡಿಗಳು ಪ್ರತಿದಿನದ ಶತ್ರುಗಳು. ಆ ಗುಂಡಿಗಳ ಪೆಟ್ಟನ್ನೆಲ್ಲ ತಿನ್ನುವುದು ಚಕ್ರವನ್ನು ಕಾರಿನ ಅಡಿಯ ಕಬ್ಬಿಣದ ತೋಳಿಗೆ ಕಟ್ಟಿರುವ ಒಂದು ಕೀಲು. ನುಣುಪಾದ ಉಕ್ಕಿನ ಗುಂಡು ಬಟ್ಟಲಿನಂಥ ಗೂಡಿನೊಳಗೆ ಕುಳಿತು, ಮನುಷ್ಯನ ಭುಜದಂತೆ ಎಲ್ಲ ಕಡೆಗೂ ಹೊರಳುತ್ತದೆ. ಬಾಲ್ ಜಾಯಿಂಟ್ ಎನ್ನುತ್ತಾರೆ. ಗೂಡು ಸವೆದರೆ ಗುಂಡು ಸಡಿಲವಾಗುತ್ತದೆ. ಸಡಿಲ ಅತಿಯಾದರೆ ಒಂದು ದಿನ ಕಳಚಿಕೊಂಡು, ಚಕ್ರ ಒಂದು ದಿಕ್ಕಿಗೆ, ಕಾರು ಒಂದು ದಿಕ್ಕಿಗೆ ಆಗುತ್ತದೆ. ಮೇಲೆ ರಬ್ಬರಿನ ಟೋಪಿ ಇರುವುದರಿಂದ ಸವೆತ ಕಣ್ಣಿಗೆ ಕಾಣುವುದಿಲ್ಲ. ಕೈಯಿಂದಲೇ ತಿಳಿಯಬೇಕು.

ಈ ಕೆಲಸಕ್ಕೆ ಇಬ್ಬರು ಬೇಕು. ಕಾರಿನ ಮೈಗೆ ಜಾಕಿ ಕೊಟ್ಟು, ಚಕ್ರ ನೆಲ ಬಿಟ್ಟು ತೂಗುವಷ್ಟು ಎತ್ತಬೇಕು. ಒಬ್ಬರು ಹೊರಗೆ ಕುಳಿತು ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಬೇಕು. ಇನ್ನೊಬ್ಬರು ಚಕ್ರದ ಹಿಂದೆ ಕೈ ತೂರಿಸಿ, ಕೀಲಿನ ಸಂದಿಯ ಮೇಲೆ ಬೆರಳಿಟ್ಟು ಕಾಯಬೇಕು. ಸವೆದ ಕೀಲು ಬೆರಳ ಕೆಳಗೆ ಮಿಡಿಯುತ್ತದೆ. ಗಂಗಾಧರಪ್ಪ ಬಲಗೈಯ ನಾಲ್ಕು ಬೆರಳನ್ನೂ ಸಾಲಾಗಿ ಇಟ್ಟು ಕಣ್ಣು ಮುಚ್ಚುತ್ತಿದ್ದ. ಟೈರು ಅಲುಗಿಸುತ್ತಿದ್ದವಳು ಅವನ ಹೆಂಡತಿ ಅನುಸೂಯಮ್ಮ.

ಅವಳು ಈ ಕೆಲಸಕ್ಕೆ ಬಂದದ್ದು ಆಕಸ್ಮಿಕ. ಶೆಡ್ಡು ತೆರೆದ ವರ್ಷ, ಮಧ್ಯಾಹ್ನದ ಬುತ್ತಿ ತಂದವಳನ್ನು, ಬೇರೆ ಯಾರೂ ಇಲ್ಲವೆಂದು, ಸ್ವಲ್ಪ ಚಕ್ರ ಹಿಡಿ ಎಂದು ಕರೆದಿದ್ದ. ಅಂದು ಹಿಡಿದವಳು ಬಿಡಲಿಲ್ಲ. ಸೀರೆಯ ಮೇಲೆ ಗಂಡನದೇ ಹಳೆಯ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಮಠಕ್ಕೆ ಹೋಗಿಬರುವ ಹೆಂಗಸರು ಮೊದಮೊದಲು ಮೂಗು ಮುರಿದರು. ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳಿಗೆ ಅದೊಂದು ತಮಾಷೆ. “ಏನಕ್ಕ, ಕಾರಿಗೆ ದೃಷ್ಟಿ ತೆಗೀತಿದ್ದೀಯಾ?” ಎಂದು ಒಬ್ಬ ಕೇಳಿದರೆ, “ಕಾರಿಗೇನಾಗಿಲ್ಲ ಕಣಪ್ಪ, ನೀನು ಓಡ್ಸೋದಕ್ಕೆ ತೆಗೀಬೇಕು” ಎಂದು ತಲೆಯೆತ್ತದೆ ಉತ್ತರ ಕೊಡುತ್ತಿದ್ದಳು.

ಗಂಗಾಧರಪ್ಪ ಕೈ ಹೊರಕ್ಕೆ ತೆಗೆದು “ಐತೆ” ಅಥವಾ “ಇಲ್ಲ” ಎನ್ನುತ್ತಿದ್ದ. ‘ಐತೆ’ ಎಂದರೆ ಕೀಲು ಬದಲಾಯಿಸಬೇಕು. ‘ಇಲ್ಲ’ ಎಂದರೆ ಡ್ರೈವರು ನಿಶ್ಚಿಂತೆಯಿಂದ ಬಾಡಿಗೆಗೆ ಹೋಗಬಹುದು. ಆ ಒಂದು ಮಾತನ್ನು ನಂಬಿ ಜನ ತಮ್ಮ ಜೀವವನ್ನೂ, ಹಿಂದಿನ ಸೀಟಿನಲ್ಲಿ ಕೂತ ಪರಸ್ಥಳದವರ ಜೀವವನ್ನೂ ಆ ರಸ್ತೆಗೆ ಒಪ್ಪಿಸುತ್ತಿದ್ದರು. ಅನೇಕ ವರ್ಷ ಆ ಮಾತು ಸುಳ್ಳಾಗಲಿಲ್ಲ.

2019ನೆಯ ಇಸವಿ ಆಗಸ್ಟ್ 19ರಂದು ಗಂಗಾಧರಪ್ಪ ಸುಡುತ್ತಿದ್ದ ಸೈಲೆನ್ಸರಿನ ಮೇಲೆ ಕೈಯಿಟ್ಟು ಮಾತಾಡುತ್ತ ನಿಂತಿದ್ದ. ಚರ್ಮ ಸುಟ್ಟ ವಾಸನೆ ಅನುಸೂಯಮ್ಮನಿಗೆ ಮೊದಲು ಬಂತು; ಅವನಿಗೆ ಉರಿ ಬರಲೇ ಇಲ್ಲ. ಅವಳು ಹಿಡಿದೆಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಸಕ್ಕರೆ ಕಾಯಿಲೆ ಬಹಳ ದಿನದಿಂದಲೇ ಇದ್ದಿರಬೇಕು, ಬೆರಳ ತುದಿಯ ನರಗಳು ಜಡವಾಗಿವೆ, ಹೋದ ಸ್ಪರ್ಶ ಪೂರ್ತಿ ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಗಂಗಾಧರಪ್ಪ ಗುಳಿಗೆಯನ್ನು ಒಪ್ಪಿಕೊಂಡ, ಸುದ್ದಿಯನ್ನು ಒಪ್ಪಿಕೊಳ್ಳಲಿಲ್ಲ. ಬಿಸಿ ತಿಳಿಯದಿದ್ದರೇನು, ಕೀಲು ತಿಳಿಯುತ್ತದಲ್ಲ ಎಂದುಕೊಂಡ. ಆ ಮಾತಿಗೆ ಆಧಾರವೂ ಇತ್ತು. ಮರುದಿನವೂ, ಮರುತಿಂಗಳೂ, ಸವೆದ ಕೀಲುಗಳು ಅವನ ಕೈಗೆ ಸಿಗುತ್ತಲೇ ಇದ್ದವು. ಅವನು ‘ಐತೆ’ ಎಂದ ಕೀಲನ್ನು ಬಿಚ್ಚಿ ನೋಡಿದಾಗ ಗುಂಡು ಗೂಡಿನಲ್ಲಿ ಗಡಗಡ ಆಡುತ್ತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇರೇನು ಬೇಕು?

ಮನೆಯಲ್ಲಿ ಮಾತ್ರ ಒಂದು ವ್ಯತ್ಯಾಸವಾಯಿತು. ಅಲ್ಲಿಯವರೆಗೆ ಹೊಗೆಯಾಡುವ ಮುದ್ದೆ ತಟ್ಟೆಗೆ ಬೀಳುತ್ತಿತ್ತು. ಈಗ ಆರಿದ ಮುದ್ದೆ ಬರತೊಡಗಿತು. ಕೈ ಸುಟ್ಟುಕೊಳ್ಳದೆ ಮುರಿಯಲೆಂದು ಅವಳು ಆರಿಸಿ ಇಡುತ್ತಿದ್ದಳು. ಅವನು ಅದನ್ನು ಸೋಮಾರಿತನವೆಂದು ತಿಳಿದು ಗೊಣಗುತ್ತಿದ್ದ. ಅವಳು ಮರುದಿನವೂ ಆರಿಸಿಯೇ ಇಡುತ್ತಿದ್ದಳು.

ಶೆಡ್ಡಿನಲ್ಲೂ ಅವಳಿಗೊಂದು ಹೊಸ ಅಭ್ಯಾಸ ಅಂಟಿತು. ಕೆಲವು ಕಾರುಗಳ ವಿಷಯದಲ್ಲಿ, ಅವನು “ಇಲ್ಲ” ಎಂದು ಕೈ ತೆಗೆದ ಮೇಲೂ ಅವಳು ಟೈರು ಬಿಡುತ್ತಿರಲಿಲ್ಲ. “ಇನ್ನೊಂದ್ ಸಲ ನೋಡ್ರೀ” ಎನ್ನುತ್ತಿದ್ದಳು. ಅವನು ಬೇಸರದಿಂದ ಮತ್ತೆ ಬೆರಳಿಡುತ್ತಿದ್ದ. ಈ ಸಲ ಅವಳು ಮೈಯ ಭಾರವನ್ನೆಲ್ಲ ಹಾಕಿ ಅಲುಗಿಸುತ್ತಿದ್ದಳು. ಕೀಲಿನೊಳಗಿಂದ ಟಕ್ಕೆಂದು ಸಣ್ಣ ಸದ್ದು ಬರುತ್ತಿತ್ತು. ಕಿವಿ ಕೇಳಿದ್ದನ್ನೇ ಗಂಗಾಧರಪ್ಪ ಬೆರಳು ಹೇಳಿತೆಂದು ತಿಳಿದು, ತನ್ನ ಕೈಯನ್ನು ತಾನೇ ಮೆಚ್ಚಿಕೊಂಡು “ಐತೆ” ಎನ್ನುತ್ತಿದ್ದ.

2022ನೆಯ ಇಸವಿ ಮಾರ್ಚ್ 23, ಬುಧವಾರ, ಶೆಡ್ಡಿನಲ್ಲಿ ಡ್ರೈವರುಗಳು ಟೀ ಕುಡಿಯುತ್ತ ಕೂತಿದ್ದಾಗ ಅವಳು ಹೀಗೇ ಅಂದಳು. ಬೇಲೂರು ಕಡೆಯ ದೊಡ್ಡ ಜಮೀನುದಾರರೊಬ್ಬರ ಕಾರು ಜಾಕಿಯ ಮೇಲಿತ್ತು; ಅವರೂ ಪಕ್ಕದಲ್ಲೇ ನಿಂತಿದ್ದರು. ಗಂಗಾಧರಪ್ಪನಿಗೆ ಅವಮಾನವಾದಂತಾಯಿತು.

“ಮೆಕ್ಯಾನಿಕ್ ಯಾರೇ ಇಲ್ಲಿ? ನೀನೋ, ನಾನೋ?”

“ನೀವೇ” ಎಂದಳು ಅನುಸೂಯಮ್ಮ. “ಅದಕ್ಕೇ ನಿಮ್ಮನ್ನ ನೋಡಿ ಅಂದಿದ್ದು.”

ಡ್ರೈವರುಗಳು ನಕ್ಕರು. ಅವನು ನಗಲಿಲ್ಲ. ಮತ್ತೆ ನೋಡಿದಾಗ ಕೀಲು ಸವೆದಿದ್ದದ್ದು ನಿಜವಾಯಿತು. ಆದರೂ ಆ ದಿನ ಸಂಜೆ ಮನೆಗೆ ಹೋಗುವಾಗ, ನಾಲ್ಕು ಜನರ ಎದುರು ಬಾಯಿ ಹಾಕಬೇಡ, ಚಕ್ರ ಹಿಡಿಯುವವಳು ಚಕ್ರ ಹಿಡಿದರೆ ಸಾಕು ಎಂದು ಅಂದ. ಅವಳು ಹೂಂಗುಟ್ಟಿದಳು. ಮರುವಾರ ಮತ್ತೊಂದು ಕಾರಿನ ಮುಂದೆ ಕೂತು, ದನಿ ಸ್ವಲ್ಪ ತಗ್ಗಿಸಿ, ಮತ್ತೆ ಅದೇ ಮಾತನ್ನು ಹೇಳಿದಳು.

2023ನೆಯ ಇಸವಿ ನವೆಂಬರ್ 9, ಗುರುವಾರ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಅನುಸೂಯಮ್ಮ ಎದೆ ಹಿಡಿದುಕೊಂಡು ಪಕ್ಕಕ್ಕೆ ಒರಗಿದಳು. ಆಸ್ಪತ್ರೆಗೆ ಸಾಗಿಸುವಷ್ಟು ಅವಕಾಶವನ್ನೂ ಕೊಡಲಿಲ್ಲ. ಜಾವಗಲ್ಲಿನ ಏಕಾಂತಯ್ಯ ಕೈಗೆ ಬಂದಿದ್ದ ಬಾಡಿಗೆಯನ್ನು ಬಿಟ್ಟು ಓಡಿಬಂದ. ಅವನು ಹುಟ್ಟಿನಿಂದ ಅಯ್ಯನವರ, ಅಂದರೆ ಜಂಗಮರ, ಮನೆಯವನು, ಹೊಟ್ಟೆಪಾಡಿಗೆ ಟ್ಯಾಕ್ಸಿಯವನು. ತೋಟದ ಮೂಲೆಯಲ್ಲಿ ಅವಳನ್ನು ಸಮಾಧಿಯಲ್ಲಿ ಕೂರಿಸಿದಾಗ, ಲಿಂಗಾಯತರ ಪದ್ಧತಿಯಂತೆ ತಲೆಯ ಮೇಲೆ ಪಾದವಿಟ್ಟು ಕೊನೆಯ ಕ್ರಿಯೆ ನಡೆಸಿಕೊಟ್ಟವನೂ ಅವನೇ. ಗಂಗಾಧರಪ್ಪನಿಗಿಂತ ಹನ್ನೆರಡು ವರ್ಷ ಚಿಕ್ಕವನಾದರೂ, ಕುಲದ ಗೌರವಕ್ಕೆ ಗಂಗಾಧರಪ್ಪ ಅವನನ್ನು “ಅಯ್ನೋರೇ” ಎಂದೇ ಕರೆಯುತ್ತಿದ್ದ. ಅವನು ವಯಸ್ಸಿನ ಗೌರವಕ್ಕೆ “ಗಂಗಣ್ಣ” ಎನ್ನುತ್ತಿದ್ದ.

ತಿಂಗಳು ಕಳೆದ ಮೇಲೆ ಗಂಗಾಧರಪ್ಪ ಶೆಡ್ಡಿನ ಬಾಗಿಲು ತೆಗೆದ. ಗೆಂಡೆಹಳ್ಳಿಗೆ ಮದುವೆಯಾಗಿ ಹೋಗಿದ್ದ ಮಗಳು ಉಷಾರಾಣಿ ತನ್ನ ಮನೆಗೆ ಬಾ ಎಂದು ಕರೆದಳು, ಹೋಗಲಿಲ್ಲ. ಕೈಯಲ್ಲಿ ಕೆಲಸವಿದ್ದರೆ ಹಗಲು ಸಾಗುತ್ತದೆ ಎಂದ. ಈಗ ಟೈರು ಅಲುಗಿಸುವವರು ಕಾರು ತಂದವರೇ. ಮೊದಲು ದಿನಕ್ಕೆ ಎರಡು ಮೂರು ಕಾರು ಬರುತ್ತಿದ್ದಲ್ಲಿ ವಾರಕ್ಕೆ ಒಂದೋ ಎರಡೋ ಬರತೊಡಗಿದವು. ಬಸ್ ಸ್ಟ್ಯಾಂಡಿನ ಹಿಂದೆ ಹೊಸ ಗ್ಯಾರೇಜು ಆಗಿದೆ, ಅಲ್ಲಿ ಕಾರನ್ನೇ ಮೇಲೆತ್ತುವ ಯಂತ್ರವಿದೆ, ಜನಕ್ಕೆ ಯಂತ್ರ ಕಂಡರೆ ಮರುಳು ಎಂದು ಅವನು ಸಮಾಧಾನ ಹೇಳಿಕೊಂಡ. ಏಕಾಂತಯ್ಯ ಮಾತ್ರ ತಪ್ಪದೆ ಬರುತ್ತಿದ್ದ. ಬಂದು, ಗುಂಡಿ, ರಸ್ತೆ, ಮಳೆ ಎಂದು ಒಂದಿಷ್ಟು ಮಾತಾಡಿ, ಕಾರಿಗೆ ಏನಾದರೂ ಒಂದು ಕೆಲಸ ಹುಡುಕಿ ಮಾಡಿಸಿಕೊಂಡು ಹೋಗುತ್ತಿದ್ದ.

2024ನೆಯ ಇಸವಿ ಜುಲೈ 11, ಗುರುವಾರ ಅವನು ನಿಜವಾದ ದೂರನ್ನೇ ತಂದ. ಎಡಗಡೆ ಮುಂದುಗಡೆ, ಗುಂಡಿಗೆ ಬಿದ್ದಾಗ ಏನೋ ಕುಟ್ಟಿದಂತಾಗುತ್ತದೆ ಎಂದ. ಜಾಕಿ ಕೊಟ್ಟರು. ಏಕಾಂತಯ್ಯ ಪಂಚೆ ಮಡಿಸಿ ಕಟ್ಟಿ ಟೈರು ಹಿಡಿದ. ಗಂಗಾಧರಪ್ಪ ಹಿಂದಿನಿಂದ ಕೈ ತೂರಿಸಿ, ನಾಲ್ಕು ಬೆರಳಿಟ್ಟು, ಕಣ್ಣು ಮುಚ್ಚಿದ. ಟೈರು ಅಲುಗಿತು. ಬೆರಳ ಕೆಳಗೆ ಎಲ್ಲವೂ ನಿಶ್ಚಲವಾಗಿತ್ತು.

“ಏನೂ ಇಲ್ಲ, ಅಯ್ನೋರೇ. ಗಟ್ಟಿಯಾಗೈತೆ.”

ಏಕಾಂತಯ್ಯನ ಕೈ ಒಂದಿಷ್ಟು ಹೊತ್ತು ಟೈರಿನ ಮೇಲೆಯೇ ಇತ್ತು. ಏನೋ ಹೇಳುವವನಂತೆ ಮುಖವೆತ್ತಿದ. ಗಂಗಾಧರಪ್ಪ ಆಗಲೇ ಜಾಕಿ ಇಳಿಸುತ್ತಿದ್ದ. ಕಾರು ಓಲಾಡದಂತೆ ಹಿಡಿಯುವ ಸ್ಟೆಬಿಲೈಸರ್ ಕಂಬಿಯ ರಬ್ಬರು ಒಣಗಿ ಸದ್ದಾಗುತ್ತಿರಬೇಕು ಎಂದು ಅದನ್ನು ಬದಲಾಯಿಸಿ ಕಳಿಸಿದ.

ಜುಲೈ 20, ಶನಿವಾರ ಮಧ್ಯಾಹ್ನ, ಹಳೇಬೀಡಿನಿಂದ ಪ್ರವಾಸಿಗರಿಗೆ ಪುಷ್ಕರಿಣಿ ತೋರಿಸಲು ಹುಲಿಕೆರೆಗೆ ಹೋಗುತ್ತಿದ್ದಾಗ ಏಕಾಂತಯ್ಯನ ಕಾರಿನ ಎಡಗಡೆ ಕೀಲು ಕಳಚಿತು. ಚಕ್ರ ಮಡಚಿ ಒಳಕ್ಕೆ ಹೋಗಿ, ಕಾರು ರಸ್ತೆ ಬಿಟ್ಟು ರಾಗಿ ಹೊಲದ ಬದುವಿಗೆ ಅಪ್ಪಳಿಸಿತು. ಹಿಂದೆ ಕೂತಿದ್ದ ಗಂಡ ಹೆಂಡತಿಗೆ ತರಚು ಗಾಯಗಳಷ್ಟೇ. ಏಕಾಂತಯ್ಯನ ಎಡಗಾಲು ಮೊಣಕಾಲಿನ ಕೆಳಗೆ ಮುರಿದು, ಪಾದ ತಿರುಚಿಕೊಂಡಿತು. ಮೂಳೆ ಕೂಡಿದರೂ ಕ್ಲಚ್ ತುಳಿಯುವ ಬಲ ಬರುವುದು ಅನುಮಾನ ಎಂದು ಆಸ್ಪತ್ರೆಯಲ್ಲಿ ಹೇಳಿದರೆಂದು ಸುದ್ದಿ ಬಂತು. ಗುಂಡಿ ದೊಡ್ಡದಿತ್ತು, ನೋಡಲಿಲ್ಲ ಎಂದು ಏಕಾಂತಯ್ಯ ಎಲ್ಲರಿಗೂ ಹೇಳುತ್ತಿದ್ದಾನೆ ಎಂಬ ಸುದ್ದಿಯೂ ಅದರ ಜೊತೆಗೇ ಬಂತು.

ಕಾರನ್ನು ಎಳೆದು ತಂದು ಗಂಗಾಧರಪ್ಪನ ಶೆಡ್ಡಿನಲ್ಲೇ ಬಿಟ್ಟರು. ಅವನು ಎಡಗಡೆಯ ಕೀಲನ್ನು ಬಿಚ್ಚಿ ಬೆಳಕಿಗೆ ಹಿಡಿದ. ಗೂಡಿನ ಬಾಯಿ ಸವೆದು ಅಗಲವಾಗಿತ್ತು. ಒಳಗೆ ಗ್ರೀಸಿನ ಬದಲು ತುಕ್ಕಿನ ಹುಡಿ. ಒಂದು ಗುಂಡಿಗೆ ಆಗುವ ಸವೆತವಲ್ಲ ಅದು, ತಿಂಗಳುಗಟ್ಟಲೆಯದು. ಜುಲೈ 11ರಂದು ತನ್ನ ಬೆರಳ ಕೆಳಗೆ ಅದು ಮಿಡಿದಿರಲೇಬೇಕು.

ಅಪಘಾತದ ಸುದ್ದಿ ಕೇಳಿ ಉಷಾರಾಣಿ ಗೆಂಡೆಹಳ್ಳಿಯಿಂದ ಬಂದಿದ್ದಳು. ಜುಲೈ 27, ಶನಿವಾರ ಬೆಳಿಗ್ಗೆ ಗಂಗಾಧರಪ್ಪ ಅವಳನ್ನು ಶೆಡ್ಡಿಗೆ ಕರೆದು, ಅದೇ ಕಾರಿನ ಬಲಗಡೆಗೆ ಜಾಕಿ ಕೊಟ್ಟು, ಟೈರು ಅಲುಗಿಸು ಎಂದ. ಅವಳು ಅಂಥ ಕೆಲಸ ಮಾಡಿದವಳಲ್ಲ. ತಂದೆಯ ಮುಖ ನೋಡಿ, ಕೂತು ಹಿಡಿದಳು. ಅವನು ಬೆರಳಿಟ್ಟ. ಬಹಳ ಹೊತ್ತು ಇಟ್ಟ.

“ಇಲ್ಲ” ಎಂದ.

“ಐತಲ್ಲ ಅಪ್ಪಾಜಿ” ಎಂದಳು ಉಷಾರಾಣಿ. “ನನ್ ಕೈಗೇ ಸಿಗ್ತೈತೆ. ಒಳಗೆ ಏನೋ ಅಲ್ಲಾಡ್ತೈತೆ.”

ಬಿಚ್ಚಿ ನೋಡಿದರು. ಇತ್ತು.

ಗಂಗಾಧರಪ್ಪ ಶೆಡ್ಡಿನ ಎಣ್ಣೆ ನೆಲದ ಮೇಲೆ ಹಾಗೆಯೇ ಕೂತುಬಿಟ್ಟ. ಟೈರು ಹಿಡಿದ ಕೈಗೂ ಸವೆತ ತಿಳಿಯುತ್ತದೆ ಎಂಬ ಸರಳ ವಿಷಯ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅವನ ತಲೆಗೆ ಹೊಳೆದಿರಲಿಲ್ಲ. ಕೈ ಸುಟ್ಟುಕೊಂಡ ದಿನದಿಂದೀಚಿನ ಒಂದೊಂದೇ ಕಾರು ನೆನಪಿಗೆ ಬಂತು. ಅನುಸೂಯಮ್ಮ ‘ಇನ್ನೊಂದ್ ಸಲ ನೋಡ್ರೀ’ ಎಂದ ಕಾರುಗಳಲ್ಲಿ ಕೀಲು ಗಟ್ಟಿಯಿದ್ದದ್ದು ಯಾವುದು? ಹುಡುಕಿದ. ಒಂದೂ ಸಿಗಲಿಲ್ಲ. ಅವಳು ಸುಮ್ಮನೆ ಟೈರು ಬಿಟ್ಟು ಎದ್ದುಹೋದ ಕಾರುಗಳಲ್ಲಿ ಅವನು ‘ಐತೆ’ ಎಂದದ್ದು ಯಾವುದು? ಅದೂ ಸಿಗಲಿಲ್ಲ. ಮುದ್ದೆ ಆರಿಸಿ ಇಟ್ಟವಳು ಬೆರಳಿನ ವಿಷಯವನ್ನು ಅವನಿಗಿಂತ ಮೊದಲೇ ಅರಿತಿದ್ದಳು. ಅರಿತು, ಗಂಡ ಹೇಳುವ ಮೊದಲು ತಾನು ಹೇಳಬಾರದೆಂದು, ಹೇಳಿದ ಮೇಲೂ ಅಲ್ಲ ಎನ್ನಬಾರದೆಂದು, ಅವನ ಬಾಯಿಂದಲೇ ಬರುವಂತೆ ದಾರಿ ಮಾಡಿಕೊಟ್ಟಿದ್ದಳು. ಅದಕ್ಕೆ ಅವನು ಕೊಟ್ಟದ್ದು ಬೈಗುಳ.

ಮರುದಿನ, ಭಾನುವಾರ, ಬಸ್ಸು ಹತ್ತಿ ಜಾವಗಲ್ಲಿಗೆ ಹೋದ. ಏಕಾಂತಯ್ಯ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. ಎಡಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿ. ಅವನ ಹೆಂಡತಿ ಬಸಮ್ಮ ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು ಒಳಗೆ ಹೋದಳು. ಗಂಗಾಧರಪ್ಪ ಕೂರಲಿಲ್ಲ. ಗುಂಡಿಯದೇನೂ ತಪ್ಪಿಲ್ಲ, ತನ್ನ ಕೈ ಸತ್ತಿದೆ, ಅದು ಸತ್ತು ಐದು ವರ್ಷವಾಯಿತು ಎಂದು ಹೇಳಿದ.

“ಗೊತ್ತು ಗಂಗಣ್ಣ” ಎಂದ ಏಕಾಂತಯ್ಯ.

ಸ್ಟ್ಯಾಂಡಿನವರಿಗೆಲ್ಲ ಗೊತ್ತಿತ್ತು. ಅವನು ಮೆಲ್ಲಗೆ, ನೋಯಿಸದಂತೆ, ಎಲ್ಲವನ್ನೂ ಹೇಳಿದ. ಕೆಲವು ವರ್ಷಗಳಿಂದ ಡ್ರೈವರುಗಳು ಗಂಗಣ್ಣನ ಬಾಯಿ ನೋಡುತ್ತಿರಲಿಲ್ಲ, ಅಕ್ಕನ ಮುಖ ನೋಡುತ್ತಿದ್ದರು. ಅಕ್ಕ ‘ಇನ್ನೊಂದ್ ಸಲ’ ಅಂದಳೆಂದರೆ, ಗಂಗಣ್ಣ ಎರಡನೆಯ ಸಲ ಬೆರಳಿಡುವ ಹೊತ್ತಿಗೆ ಒಬ್ಬ ಹೊಸ ಕೀಲು ತರಲು ಅಂಗಡಿಗೆ ಹೊರಟಿರುತ್ತಿದ್ದ. ಒಂದು ದಿನ ಒಬ್ಬ ಡ್ರೈವರು ಇದನ್ನು ಆಡಿಕೊಂಡು ನಕ್ಕಾಗ ಅನುಸೂಯಮ್ಮ ಆ ಡ್ರೈವರನ್ನು ಪಕ್ಕಕ್ಕೆ ಕರೆದು, ಈ ಮಾತು ನಮ್ಮನೆಯವರ ಕಿವಿಗೆ ಬಿದ್ದರೆ ನೀವ್ಯಾರೂ ಈ ಕಡೆ ಬರಬೇಡಿ ಎಂದಿದ್ದಳಂತೆ. ಅಲ್ಲಿಂದ ಯಾರೂ ಬಾಯಿ ಬಿಡಲಿಲ್ಲ.

“ಹಂಗಿದ್ಮೇಲೆ ನೀವ್ಯಾಕೆ ಬಂದ್ರಿ, ಅಯ್ನೋರೇ? ಎಲ್ರೂ ಬಿಟ್ರಲ್ಲ.”

ಏಕಾಂತಯ್ಯ ಗೋಡೆಯ ಕಡೆ ನೋಡಿದ. “ಎಲ್ರೂ ಬಿಟ್ರೆ ನೀವು ಕೂತ್ಬಿಡ್ತಿದ್ರಿ. ಅಕ್ಕ ಹೋಗಿ ಇನ್ನೂ ವರ್ಸ ಆಗಿರ್ಲಿಲ್ಲ.” ಗಂಗಾಧರಪ್ಪನ ಕಡೆ ತಿರುಗಿ ಹೇಳಿದ: “ಅವತ್ತು ನನ್ ಕೈಗೂ ಸಿಕ್ತು ಗಂಗಣ್ಣ. ಟೈರ್ ಒಳಗೆ ಆಡಿದ್ದು ಚೆನ್ನಾಗೇ ಗೊತ್ತಾಯ್ತು. ನೀವು ಇಲ್ಲ ಅಂದ್ರಿ. ಇನ್ನೊಂದ್ ಸಲ ನೋಡಿ ಅನ್ನೋಕೆ ಬಾಯ್ ತೆಗೆದೆ. ಅಕ್ಕನ ಮಾತು ಅದು. ನಾನ್ ಆಡಿದ್ರೆ ನಿಮ್ಗೆ ಹೆಂಗಾಗ್ತದೋ ಅಂತ ಬಾಯಿ ಮುಚ್ಕೊಂಡೆ.”

ಗಂಗಾಧರಪ್ಪ ಬಾಗಿದ. ಏಕಾಂತಯ್ಯ ಅಯ್ಯನವರ ಕುಲದವನಾದರೂ ಹಿರಿಯರು ಕಾಲಿಗೆ ಬೀಳುವುದನ್ನು ಎಂದೂ ಒಪ್ಪಿದವನಲ್ಲ. ಯಾವಾಗಲೂ ಹಿಂದಕ್ಕೆ ಸರಿಯುತ್ತಿದ್ದ. ಇಂದು ಸರಿಯಲು ಕಾಲು ಕೇಳಲಿಲ್ಲ. ಬೇಡ, ಬೇಡ ಎನ್ನುತ್ತ ಮಂಚದ ಅಂಚು ಹಿಡಿದ. ಗಂಗಾಧರಪ್ಪ ಪ್ಲಾಸ್ಟರಿನಿಂದ ಹೊರಗೆ ಉಳಿದಿದ್ದ ಊದಿದ ಕಾಲ್ಬೆರಳುಗಳನ್ನು ಮುಟ್ಟಿದ. ಅನುಸೂಯಮ್ಮನ ತಲೆಯ ಮೇಲೆ ಇಟ್ಟಿದ್ದ ಪಾದ. ಅದು ಬೆಚ್ಚಗಿದೆಯೋ ತಣ್ಣಗಿದೆಯೋ ಅವನ ನಾಲ್ಕು ಬೆರಳಿಗೂ ತಿಳಿಯಲಿಲ್ಲ. ಹಣೆಯನ್ನು ಅದಕ್ಕೆ ಒತ್ತಿದ ಮೇಲೆ ಬೆಚ್ಚಗಿದೆ ಎಂದು ತಿಳಿಯಿತು. ಆಗ ಅವನಿಗೆ ಅಳು ಬಂತು. ಹೆಂಡತಿ ಸತ್ತ ದಿನವೂ ಹಾಗೆ ಅತ್ತವನಲ್ಲ.

ಜುಲೈ 29, ಸೋಮವಾರ ಬೆಳಿಗ್ಗೆ ಅವನು ಶೆಡ್ಡಿನ ಸಾಮಾನುಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಗ ಹಳೇಬೀಡಿನ ಕಡೆಯ ಹೊಸ ಡ್ರೈವರೊಬ್ಬ ಕಾರು ತಂದು ನಿಲ್ಲಿಸಿದ. ಮುಂದುಗಡೆ ಕಟಕಟ ಅನ್ನುತ್ತಿದೆ, ಕೀಲು ನೋಡುವುದರಲ್ಲಿ ನೀವೇ ಎಂದು ನಮ್ಮೂರ ಹಳಬರು ಹೇಳುತ್ತಿದ್ದರು, ಒಂದು ಸಲ ಕೈಯಿಟ್ಟು ನೋಡಿ ಎಂದ. ಗಂಗಾಧರಪ್ಪ ಅವನಿಗೆ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ದಾರಿ ಹೇಳಿದ. ನಿಧಾನವಾಗಿ ಹೋಗು, ಗುಂಡಿ ತಪ್ಪಿಸು, ತೋರಿಸದೆ ಮಾತ್ರ ಬಾಡಿಗೆ ಒಪ್ಪಬೇಡ ಎಂದ.

“ಯಾಕೆ, ನೀವು ನೋಡಲ್ವಾ?”

“ನಾನು ಯಾವತ್ತು ನೋಡ್ತಿದ್ನಪ್ಪ” ಎಂದ ಗಂಗಾಧರಪ್ಪ. “ನೋಡ್ತಿದ್ದೋಳು ನಮ್ಮನೆಯೋಳು. ಅವಳು ಹೋದ್ಲು.”

ಡ್ರೈವರಿಗೆ ಏನೂ ಅರ್ಥವಾಗಲಿಲ್ಲ. ತಲೆಯಾಡಿಸಿ ಕಾರು ತಿರುಗಿಸಿದ. ಅದರ ಮುಂದಿನ ಚಕ್ರದ ಸದ್ದು ತಿರುವಿನಾಚೆ ಹೋಗುವವರೆಗೂ ಗಂಗಾಧರಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.